ಪಿ.ಸಿ.ಆರ್. ಪರೀಕ್ಷೆಯ ವಕ್ರರೇಖೆಯನ್ನು ಓದುವ ಬಗೆ

೨೦೨೦ರ ಫೆಬ್ರವರಿ ೩ರಂದು ಭಾರತದ ಮೂರನೆಯ ಕೋವಿಡ್ ಪ್ರಕರಣವು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ದೃಢಪಟ್ಟಿತು. ಅಂದಿನಿಂದ ಎರಡು ವರ್ಷಗಳ ಕಾಲ ‘ಆರ್.ಟಿ.-ಪಿ.ಸಿ.ಆರ್.’ ಎಂಬ ಮಾತು ಕೇಳದ ಮನೆ ಈ ಸೀಮೆಯಲ್ಲಿರಲಿಲ್ಲ. ೨೦೨೧ರ ಫೆಬ್ರವರಿಯಲ್ಲಿ, ಕೇರಳದಿಂದ ಬರುವವರು ೭೨ ಗಂಟೆಗಳೊಳಗಿನ ನೆಗೆಟಿವ್ ವರದಿಯನ್ನು ತೋರಿಸತಕ್ಕದ್ದೆಂದು ಕರ್ನಾಟಕ ಸರಕಾರವು ವಿಧಿಸಿದಾಗ, ಕಾಲೇಜಿಗೆಂದೂ ಆಸ್ಪತ್ರೆಗೆಂದೂ ತಲಪಾಡಿಯನ್ನು ದಾಟಿ ಮಂಗಳೂರಿಗೆ ಹೋಗುತ್ತಿದ್ದ ನಮ್ಮವರಿಗೆ ಆ ಒಂದು ಹಾಳೆ ಅತ್ಯಗತ್ಯವಾಯಿತು.

ಆ ಕಾಲದಲ್ಲಿ ಎರಡು ಬಗೆಯ ಮಾತುಗಳು ಎಲ್ಲೆಡೆಯೂ ಕೇಳಿಬರುತ್ತಿದ್ದುವು. “ನಿನ್ನೆ ಪಾಸಿಟಿವ್, ಇಂದು ನೆಗೆಟಿವ್, ಹಾಗಾದರೆ ಪರೀಕ್ಷೆಯೇ ಸುಳ್ಳು” ಎಂಬುದು ಒಂದು. “ಅವನಿಗೆ ೧೮ ಬಂದಿದೆ, ನನಗೆ ೩೪ ಬಂದಿದೆ, ನನ್ನ ರೋಗವೇ ಹೆಚ್ಚಿನದು” ಎಂಬುದು ಇನ್ನೊಂದು. ಇವೆರಡೂ ತಪ್ಪು ತಿಳಿವಳಿಕೆಗಳು. ವರದಿಯ ಕೊನೆಯಲ್ಲಿರುವ ಒಂದು ಪದವೂ ಒಂದು ಸಂಖ್ಯೆಯೂ ಮಾತ್ರ ನಮ್ಮ ಕೈಗೆ ಬರುವುವು. ಅವುಗಳ ಹಿಂದಿರುವ ವಕ್ರರೇಖೆಯನ್ನು ನಾವು ಕಾಣುವುದಿಲ್ಲ. ಪ್ರಯೋಗಾಲಯದವರು ಓದುವುದು ಆ ರೇಖೆಯನ್ನು. ಅದನ್ನು ಓದುವ ಕ್ರಮವನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಪ್ರತಿ ಮಾಡುವ ವಿದ್ಯೆ

ಪ್ರತಿಯೊಂದು ಜೀವಿಯೂ ತನ್ನ ವಂಶದ ಬರೆಹವನ್ನು ಒಂದು ಉದ್ದನೆಯ ಅಣುವಿನಲ್ಲಿ ಹೊತ್ತಿರುವುದು. ಅದಕ್ಕೆ ಡಿ.ಎನ್.ಎ. ಎಂದು ಹೆಸರು. ಕೋವಿಡ್ ವೈರಸ್ಸಿನಲ್ಲಿ ಅದರ ಬದಲಿಗೆ ಆರ್.ಎನ್.ಎ. ಎಂಬ ಅಣುವಿದೆ. ಮೂಗಿನಿಂದಲೋ ಗಂಟಲಿನಿಂದಲೋ ತೆಗೆದ ದ್ರವದಲ್ಲಿ ಈ ಬರೆಹದ ತುಣುಕುಗಳು ಕೆಲವೇ ಇದ್ದರೆ ಯಾವ ಉಪಕರಣಕ್ಕೂ ಅವು ನೇರವಾಗಿ ಕಾಣಸಿಗವು. ಆದುದರಿಂದ ಅವನ್ನು ಮತ್ತೆ ಮತ್ತೆ ಪ್ರತಿ ಮಾಡಿ, ಕಾಣುವಷ್ಟು ಹೆಚ್ಚಿಸಬೇಕಾಗುವುದು. ಈ ಕ್ರಿಯೆಯೇ ಪಾಲಿಮರೇಸ್ ಚೈನ್ ರಿಯಾಕ್ಷನ್, ಅಂದರೆ ಪಿ.ಸಿ.ಆರ್. ಬರೆಹವು ಆರ್.ಎನ್.ಎ. ರೂಪದಲ್ಲಿದ್ದರೆ ಮೊದಲು ಅದನ್ನು ಡಿ.ಎನ್.ಎ.ಯಾಗಿ ತಿರುಗಿಸಿ ಬರೆಯಬೇಕು. ಹೀಗೆ ತಿರುಗಿಸಿ ಬರೆಯುವ ಕಿಣ್ವವನ್ನು ೧೯೭೦ರಲ್ಲಿ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಎಂಬ ಇಬ್ಬರು ವಿಜ್ಞಾನಿಗಳು ಪ್ರತ್ಯೇಕವಾಗಿ ಕಂಡುಹಿಡಿದರು. ‘ಆರ್.ಟಿ.’ ಎಂಬ ಎರಡಕ್ಷರಗಳು ಈ ಮೊದಲ ಹೆಜ್ಜೆಯನ್ನು ಸೂಚಿಸುವುವು.

ಪ್ರತಿ ಮಾಡುವ ಕ್ರಮ ಹೀಗಿದೆ. ದ್ರಾವಣವನ್ನು ಸುಮಾರು ೯೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಡಿ.ಎನ್.ಎ.ಯ ಎರಡು ಎಳೆಗಳು ಬೇರ್ಪಡುವುವು. ಸುಮಾರು ೬೦ ಡಿಗ್ರಿಗೆ ಇಳಿಸಿದರೆ ‘ಪ್ರೈಮರ್’ ಎಂಬ ಚಿಕ್ಕ ತುಣುಕುಗಳು, ತಮಗೆ ಹೊಂದುವ ಬರೆಹವು ಅಲ್ಲಿದ್ದರೆ ಮಾತ್ರ, ಆ ಎಳೆಗಳಿಗೆ ಅಂಟಿಕೊಳ್ಳುವುವು. ಅಲ್ಲಿಂದ ಮುಂದಕ್ಕೆ ಪಾಲಿಮರೇಸ್ ಎಂಬ ಕಿಣ್ವವು ಜೊತೆಯ ಎಳೆಯನ್ನು ಕಟ್ಟಿಕೊಂಡು ಹೋಗುವುದು. ಒಂದಿದ್ದುದು ಎರಡಾಯಿತು. ಇದು ಒಂದು ಸುತ್ತು. ಮುಂದಿನ ಸುತ್ತಿನಲ್ಲಿ ಎರಡು ನಾಲ್ಕಾಗುವುದು, ನಾಲ್ಕು ಎಂಟಾಗುವುದು. ಹತ್ತು ಸುತ್ತುಗಳಲ್ಲಿ ಒಂದು ತುಣುಕು ೧,೦೨೪ ಆಗುವುದು, ಇಪ್ಪತ್ತರಲ್ಲಿ ೧೦,೪೮,೫೭೬, ಮೂವತ್ತರಲ್ಲಿ ೧೦೭ ಕೋಟಿಗೂ ಮಿಗಿಲು. ಸಾಮಾನ್ಯವಾಗಿ ಯಂತ್ರವು ಇಂತಹ ೪೦ ಸುತ್ತುಗಳನ್ನು ನಡೆಸುವುದು.

ಈ ವಿದ್ಯೆಯ ಬೀಜವು ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖುರಾನಾ ಅವರ ಅಮೆರಿಕದ ಪ್ರಯೋಗಾಲಯದಲ್ಲಿಯೇ ಕಾಣಿಸಿಕೊಂಡಿತ್ತು. ಎರಡು ಪ್ರೈಮರುಗಳಿಂದ ಡಿ.ಎನ್.ಎ.ಯನ್ನು ಪ್ರತಿ ಮಾಡುವ ಆಲೋಚನೆಯನ್ನು ಅವರ ಸಹೋದ್ಯೋಗಿ ಚೆಲ್ ಕ್ಲೆಪ್ಪೆ ಮತ್ತು ಸಂಗಡಿಗರು ೧೯೭೧ರಲ್ಲಿ ಪ್ರಕಟಿಸಿದ್ದರು. ೧೯೮೩ರಲ್ಲಿ ಕ್ಯಾರಿ ಮುಲ್ಲಿಸ್ ಅದನ್ನು ಸುತ್ತುಸುತ್ತಾಗಿ ಇಮ್ಮಡಿಸುವ ವಿಧಾನವಾಗಿ ರೂಪಿಸಿದರು. ಅದಕ್ಕಾಗಿ ೧೯೯೩ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ೯೫ ಡಿಗ್ರಿಯ ಬಿಸಿಯಲ್ಲಿಯೂ ಕೆಡದ ಕಿಣ್ವ ದೊರೆತುದು, ಯೆಲ್ಲೋಸ್ಟೋನ್ ಎಂಬಲ್ಲಿಯ ಬಿಸಿನೀರಿನ ಬುಗ್ಗೆಯಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ಶಿಷ್ಯ ಹಡ್ಸನ್ ಫ್ರೀಜ್ ೧೯೬೬ರಲ್ಲಿ ಕಂಡುಕೊಂಡ ಒಂದು ಬ್ಯಾಕ್ಟೀರಿಯದಿಂದ. ಪ್ರತಿಗಳು ಹೆಚ್ಚುತ್ತಿರುವಾಗಲೇ, ಸುತ್ತು ಸುತ್ತಿಗೂ, ಅವನ್ನು ಅಳೆಯುವ ‘ರಿಯಲ್ ಟೈಮ್’ ಪದ್ಧತಿಯನ್ನು ೧೯೯೦ರ ದಶಕದ ಆರಂಭದಲ್ಲಿ ರಸೆಲ್ ಹಿಗುಚಿ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು.

ಅಳೆಯುವುದು ಬೆಳಕಿನಿಂದ. ಇಂದು ಹೆಚ್ಚಾಗಿ ಬಳಸುವ ಪದ್ಧತಿಯಲ್ಲಿ ದ್ರಾವಣದೊಳಗೆ ‘ಪ್ರೋಬ್’ ಎಂಬ ಇನ್ನೊಂದು ಚಿಕ್ಕ ತುಣುಕನ್ನು ಬಿಟ್ಟಿರುವರು. ಅದರ ಒಂದು ತುದಿಯಲ್ಲಿ ಹೊಳೆಯುವ ಬಣ್ಣ, ಇನ್ನೊಂದು ತುದಿಯಲ್ಲಿ ಆ ಹೊಳಪನ್ನು ಅಡಗಿಸುವ ವಸ್ತು. ದೀಪವೂ ಅದರ ಮುಚ್ಚಳವೂ ಒಂದೇ ದಾರದಲ್ಲಿ ಕಟ್ಟಿದಂತೆ. ಕಿಣ್ವವು ಪ್ರತಿಯನ್ನು ಕಟ್ಟುತ್ತ ಬರುವಾಗ ಈ ದಾರವನ್ನು ಕಡಿದುಹಾಕುವುದು. ಆಗ ಮುಚ್ಚಳವು ದೂರವಾಗಿ ದೀಪವು ಹೊಳೆಯುವುದು. ಪ್ರತಿಗಳು ಹೆಚ್ಚಿದಷ್ಟೂ ಬೆಳಕು ಹೆಚ್ಚು.

ಮೊಸರಿನ ಉದಾಹರಣೆ

ನಮ್ಮ ತಾಯಂದಿರು ಇದೇ ಬಗೆಯ ಒಂದು ಪರೀಕ್ಷೆಯನ್ನು ದಿನಂಪ್ರತಿ ಅಡುಗೆಮನೆಯಲ್ಲಿ ನಡೆಸುತ್ತಾರೆ. ಒಂದೇ ಅಳತೆಯ ಉಗುರುಬೆಚ್ಚಗಿನ ಹಾಲನ್ನು ಮೂರು ಪಾತ್ರೆಗಳಲ್ಲಿಟ್ಟು, ಒಂದಕ್ಕೆ ಒಂದು ಚಮಚ ಹೆಪ್ಪು, ಇನ್ನೊಂದಕ್ಕೆ ಒಂದು ಹನಿ ಹೆಪ್ಪು ಹಾಕಿ, ಮೂರನೆಯದಕ್ಕೆ ಏನೂ ಹಾಕದಿದ್ದರೆ ಏನಾಗುವುದು? ಮೊದಲನೆಯದು ಬೇಗನೆ ಹೆಪ್ಪುಗಟ್ಟುವುದು, ಎರಡನೆಯದು ತಡವಾಗಿ. ಮೂರನೆಯದು ಅಷ್ಟು ಹೊತ್ತಿನಲ್ಲಿ ಹಾಲಾಗಿಯೇ ಉಳಿಯುವುದು. ಮರುದಿನ ಬೆಳಗ್ಗೆ ನೋಡಿದರೆ ಮೊದಲನೆಯ ಎರಡು ಪಾತ್ರೆಗಳಲ್ಲಿ ಸರಿಸಮನಾದ ಮೊಸರು. ಯಾವುದಕ್ಕೆ ಎಷ್ಟು ಹೆಪ್ಪು ಹಾಕಿತ್ತೆಂಬುದನ್ನು ಮೊಸರಿನ ಪ್ರಮಾಣವು ಹೇಳದು; ಎಷ್ಟು ಹೊತ್ತಿಗೆ ಗಟ್ಟಿಯಾಯಿತೆಂಬುದು ಹೇಳುವುದು. ರಿಯಲ್ ಟೈಮ್ ಪಿ.ಸಿ.ಆರ್. ಪರೀಕ್ಷೆಯ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ.

ಹೋಲಿಕೆಗೂ ಒಂದು ಮಿತಿಯುಂಟು. ಹೆಪ್ಪಿನಲ್ಲಿ ಬೆಳೆಯುವುದು ಜೀವಂತ ಬ್ಯಾಕ್ಟೀರಿಯ. ಪಿ.ಸಿ.ಆರ್.ನಲ್ಲಿ ಯಾವ ಜೀವಿಯೂ ಬೆಳೆಯುವುದಿಲ್ಲ. ಬರೆಹವು ಮಾತ್ರ ಪ್ರತಿಯಾಗುವುದು. ವೈರಸ್ಸು ಸತ್ತು ಅದರ ಬರೆಹದ ಚೂರುಗಳಷ್ಟೇ ಉಳಿದಿದ್ದರೂ ರೇಖೆಯು ಏರಬಹುದು. ಇದನ್ನು ಮುಂದಕ್ಕೆ ನೆನಪಿನಲ್ಲಿಡಬೇಕು.

ಬಯಲು, ಗುಡ್ಡ, ಪದವು

ಗ್ರಾಫ್ ಹಾಳೆಯ ಅಡ್ಡಗೆರೆಯಲ್ಲಿ ಸುತ್ತುಗಳ ಸಂಖ್ಯೆಯನ್ನೂ ಉದ್ದಗೆರೆಯಲ್ಲಿ ಬೆಳಕಿನ ಪ್ರಮಾಣವನ್ನೂ ಗುರುತಿಸಿದರೆ ದೊರೆಯುವ ರೇಖೆಯು ನಮ್ಮ ನೆಲದ ಆಕಾರವನ್ನೇ ಹೋಲುವುದು. ಮೊದಲು ಗದ್ದೆಯ ಬಯಲಿನಂತೆ ಮಟ್ಟಸ. ಬಳಿಕ ಗುಡ್ಡದ ಏರು. ಕೊನೆಗೆ ಮುರಕಲ್ಲಿನ ಪದವಿನಂತೆ ಮತ್ತೆ ಮಟ್ಟಸ.

ಬಯಲಿನ ಭಾಗದಲ್ಲಿ ಪ್ರತಿಗಳು ಹೆಚ್ಚುತ್ತಿಲ್ಲವೆಂದಲ್ಲ. ಪ್ರತಿ ಸುತ್ತಿನಲ್ಲಿಯೂ ಅವು ಇಮ್ಮಡಿಸುತ್ತಲೇ ಇರುವುವು. ಆದರೆ ಅವುಗಳ ಬೆಳಕು ಯಂತ್ರದ ಕಣ್ಣಿಗೆ ನಿಲುಕುವಷ್ಟಿಲ್ಲ. ಗುಡ್ಡದ ಬುಡದಲ್ಲಿ ಬೆಳಕು ಕಾಣತೊಡಗಿ, ಸುತ್ತು ಸುತ್ತಿಗೂ ಇಮ್ಮಡಿಯಾಗುವುದು. ಆ ಮೇಲೆ ಪ್ರೈಮರು ಮೊದಲಾದ ಸಾಮಗ್ರಿಗಳು ಕಡಮೆಯಾಗುತ್ತ, ಕಿಣ್ವದ ಶಕ್ತಿ ಕುಂದುತ್ತ, ತಯಾರಾದ ಎಳೆಗಳು ತಮ್ಮತಮ್ಮೊಳಗೇ ಜೋಡಿಗೊಳ್ಳುತ್ತ ಬರುವುದರಿಂದ ಏರಿಕೆಯು ನಿಧಾನವಾಗಿ, ರೇಖೆಯು ಪದವನ್ನು ಸೇರುವುದು. ಆದುದರಿಂದ ಪದವಿನ ಎತ್ತರವನ್ನು ನೋಡಿ ಮೊದಲಿದ್ದ ವೈರಸ್ಸಿನ ಪ್ರಮಾಣವನ್ನು ಹೇಳಲಾಗದು. ಗುಡ್ಡದ ಏರು ಎಲ್ಲಿ ಆರಂಭವಾಯಿತೆಂಬುದನ್ನು ನೋಡಿಯೇ ಹೇಳಬೇಕು.

ಹೊಸ್ತಿಲು ಮತ್ತು ಸಿ.ಟಿ. ಸಂಖ್ಯೆ

ಏರು ಎಲ್ಲಿ ಆರಂಭವಾಯಿತೆಂದು ಕಣ್ಣಳತೆಯಿಂದ ಹೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿಯಾರು. ಅದಕ್ಕಾಗಿ ಬಯಲಿನ ಸಣ್ಣಪುಟ್ಟ ಏರಿಳಿತಗಳಿಗಿಂತ ಸಾಕಷ್ಟು ಮೇಲೆ, ರೇಖೆಯು ಇಮ್ಮಡಿಸುತ್ತಿರುವ ಭಾಗವನ್ನು ಕತ್ತರಿಸುವಂತೆ, ಒಂದು ಅಡ್ಡಗೆರೆಯನ್ನು ಎಳೆಯುವರು. ಇದೇ ಹೊಸ್ತಿಲು ರೇಖೆ. ವಕ್ರರೇಖೆಯು ಎಷ್ಟನೆಯ ಸುತ್ತಿನಲ್ಲಿ ಈ ಹೊಸ್ತಿಲನ್ನು ದಾಟುವುದೋ ಅದೇ ಸಿ.ಟಿ. ಸಂಖ್ಯೆ.

ಹೆಪ್ಪು ಹೆಚ್ಚಾದರೆ ಮೊಸರು ಬೇಗ. ವೈರಸ್ಸಿನ ಬರೆಹ ಹೆಚ್ಚಾದರೆ ಹೊಸ್ತಿಲು ದಾಟುವುದೂ ಬೇಗ. ಆದುದರಿಂದ ಸಿ.ಟಿ. ಸಂಖ್ಯೆ ಚಿಕ್ಕದಾದಷ್ಟೂ ಮಾದರಿಯಲ್ಲಿದ್ದ ಬರೆಹವು ಹೆಚ್ಚು. ೨೦ ಮತ್ತು ೩೦ ಎಂಬ ಎರಡು ಸಂಖ್ಯೆಗಳ ನಡುವೆ ಹತ್ತು ಸುತ್ತುಗಳ ಅಂತರವಿದೆ. ಹತ್ತು ಬಾರಿ ಇಮ್ಮಡಿಸಿದರೆ ೧,೦೨೪. ಅಂದರೆ ೨೦ ಬಂದ ಮಾದರಿಯಲ್ಲಿ ೩೦ ಬಂದುದಕ್ಕಿಂತ ಸುಮಾರು ಸಾವಿರ ಪಾಲು ಹೆಚ್ಚು ಬರೆಹವಿತ್ತು. ಹತ್ತು ಪಾಲಿನ ವ್ಯತ್ಯಾಸಕ್ಕೆ ಸುಮಾರು ೩.೩ ಸುತ್ತುಗಳು ಬೇಕು.

ಇದು ಪ್ರತಿ ಸುತ್ತಿನಲ್ಲಿಯೂ ತಪ್ಪದೆ ಇಮ್ಮಡಿಯಾದರೆ ಬರುವ ಲೆಕ್ಕ. ನಿಜದಲ್ಲಿ ಹಾಗಾಗುವುದು ಅಪೂರ್ವ. ಒಂದು ಕಿಟ್ಟಿನಲ್ಲಿ ಸುತ್ತಿಗೆ ೧.೯ ಪಾಲು ಮಾತ್ರ ಹೆಚ್ಚುವುದಾದರೆ, ಅದೇ ಹತ್ತು ಸುತ್ತುಗಳ ಅಂತರವು ೧,೦೨೪ರ ಬದಲು ಸುಮಾರು ೬೧೩ ಪಾಲನ್ನು ಸೂಚಿಸುವುದು. ಹೊಸ್ತಿಲನ್ನು ಎಷ್ಟು ಎತ್ತರದಲ್ಲಿ ಇಟ್ಟಿರುವರೆಂಬುದರ ಮೇಲೆಯೂ ಸಂಖ್ಯೆ ಬದಲಾಗುವುದು. ಈ ಕಾರಣದಿಂದ ಒಂದು ಪ್ರಯೋಗಾಲಯದ ೨೮ನ್ನೂ ಇನ್ನೊಂದರ ೨೮ನ್ನೂ ಸಮವೆಂದು ಭಾವಿಸಲಾಗದು.

ಸಾಕ್ಷಿಗಳು

ಒಂದು ರೇಖೆಯನ್ನು ಒಂಟಿಯಾಗಿ ಓದಿ ತೀರ್ಪು ಕೊಡತಕ್ಕದ್ದಲ್ಲ. ಅದರ ಜೊತೆಗೆ ಮೂರು ಸಾಕ್ಷಿಗಳನ್ನು ಕೇಳಬೇಕು. ಹುಡುಕುವ ಬರೆಹವನ್ನು ತಿಳಿದೇ ಹಾಕಿದ ಪ್ರನಾಳವು ಮೊದಲನೆಯದು. ಅಲ್ಲಿ ರೇಖೆ ಏರಲೇಬೇಕು. ಏರದಿದ್ದರೆ ಸಾಮಗ್ರಿಯಲ್ಲಿಯೋ ಯಂತ್ರದಲ್ಲಿಯೋ ದೋಷವಿದೆ. ಮಾದರಿಯ ಬದಲು ಶುದ್ಧ ನೀರನ್ನು ಹಾಕಿದ ಪ್ರನಾಳವು ಎರಡನೆಯದು. ಅಲ್ಲಿ ರೇಖೆ ಏರಕೂಡದು. ಹೆಪ್ಪು ಹಾಕದ ಪಾತ್ರೆಯೂ ಮೊಸರಾದರೆ, ಹಿಂದಿನ ದಿನದ ಮೊಸರು ಪಾತ್ರೆಗೆ ಅಂಟಿತ್ತೆಂದೋ ಯಾರೋ ಅದೇ ಚಮಚವನ್ನು ಅದ್ದಿದರೆಂದೋ ತಿಳಿಯುತ್ತೇವಷ್ಟೆ? ಹಾಗೆಯೇ ನೀರಿನ ಪ್ರನಾಳದಲ್ಲಿ ರೇಖೆ ಏರಿದರೆ ಅಂದಿನ ಪಾಸಿಟಿವ್ ಫಲಿತಾಂಶಗಳನ್ನು ನಂಬದೆ ಪರೀಕ್ಷೆಯನ್ನು ಮರಳಿ ನಡೆಸಬೇಕು. ಮೂರನೆಯ ಸಾಕ್ಷಿ ಪ್ರತಿಯೊಬ್ಬರ ಮಾದರಿಯೊಳಗೇ ಇರುವುದು. ಎಲ್ಲ ಮನುಷ್ಯರಲ್ಲಿಯೂ ಇರುವ ಒಂದು ಜೀನನ್ನು ಬೇರೆ ಬಣ್ಣದ ಬೆಳಕಿನಿಂದ ಹುಡುಕುವರು. ಅದರ ರೇಖೆ ಏರಿದರೆ, ಕಡ್ಡಿಯು ಮೂಗಿನ ಒಳಭಾಗವನ್ನು ಸರಿಯಾಗಿ ಮುಟ್ಟಿತ್ತು, ಮಾದರಿ ಕೆಟ್ಟಿರಲಿಲ್ಲ, ಕ್ರಿಯೆಯು ನಡೆಯಿತು ಎಂದರ್ಥ.

ಈಗ ನಾಲ್ಕು ಮಾದರಿಗಳನ್ನು ಓದೋಣ. ಮೊದಲಿನ ಎರಡು ಸಾಕ್ಷಿಗಳು ಸರಿಯಾಗಿವೆಯೆಂದು ಇಟ್ಟುಕೊಳ್ಳಿರಿ.

‘ಕ’ ಎಂಬ ಮಾದರಿಯಲ್ಲಿ ವೈರಸ್ಸಿನ ರೇಖೆ ೨೨ರಲ್ಲಿ ಹೊಸ್ತಿಲನ್ನು ದಾಟಿ, ಗುಡ್ಡದಂತೆ ಏರಿ ಪದವನ್ನು ಸೇರಿದೆ. ಮಾನವ ಜೀನಿನ ರೇಖೆಯೂ ಏರಿದೆ. ಇದು ನಿಸ್ಸಂದೇಹವಾಗಿ ಪಾಸಿಟಿವ್.

‘ಖ’ದಲ್ಲಿ ವೈರಸ್ಸಿನ ರೇಖೆ ೪೦ ಸುತ್ತುಗಳವರೆಗೂ ಬಯಲಾಗಿಯೇ ಉಳಿದಿದೆ, ಮಾನವ ಜೀನಿನ ರೇಖೆ ಚೆನ್ನಾಗಿ ಏರಿದೆ. ಇದು ನೆಗೆಟಿವ್.

‘ಗ’ದಲ್ಲಿ ಎರಡೂ ರೇಖೆಗಳು ಏರಿಲ್ಲ. ಇದನ್ನು ನೆಗೆಟಿವ್ ಎನ್ನಬಾರದು. ಪರೀಕ್ಷೆಯೇ ನಡೆಯಲಿಲ್ಲವೆಂದು ತಿಳಿದು ಮತ್ತೆ ಮಾಡಬೇಕು. ಬೇಕಾದರೆ ಹೊಸದಾಗಿ ಮಾದರಿ ತೆಗೆಯಬೇಕು. ಉತ್ತರಪತ್ರಿಕೆಯೇ ಬಾರದ ವಿದ್ಯಾರ್ಥಿಗೆ ಸೊನ್ನೆ ಹಾಕುವುದು ನ್ಯಾಯವಲ್ಲವಷ್ಟೆ? ವೈರಸ್ಸಿದ್ದವನನ್ನು ಇಲ್ಲದವನೆಂದು ಮನೆಗೆ ಕಳುಹಿಸುವ ಅಪಾಯ ಇಲ್ಲಿಯೇ ಇರುವುದು.

‘ಘ’ದಲ್ಲಿ ವೈರಸ್ಸಿನ ರೇಖೆ ೧೫ರಲ್ಲಿಯೇ ಏರಿದೆ, ಮಾನವ ಜೀನಿನ ರೇಖೆ ಕುಗ್ಗಿಹೋಗಿದೆ. ವೈರಸ್ಸಿನ ಬರೆಹವು ಅತಿಯಾಗಿ ಇದ್ದುದರಿಂದ ಸಾಮಗ್ರಿಯನ್ನೆಲ್ಲ ಅದೇ ಬಳಸಿಕೊಂಡಿರಬಹುದು. ವೈರಸ್ಸಿನ ಏರು ಸ್ಪಷ್ಟವಾಗಿದ್ದರೆ ಇದನ್ನು ಸಾಮಾನ್ಯವಾಗಿ ಪಾಸಿಟಿವ್ ಎಂದೇ ಎಣಿಸುವರು.

ನಂಬಬಾರದ ಏರು

ಹೊಸ್ತಿಲನ್ನು ದಾಟಿದ ಪ್ರತಿಯೊಂದು ರೇಖೆಯೂ ನಿಜವಾದ ಏರಲ್ಲ. ಪ್ರನಾಳದಲ್ಲಿ ಗಾಳಿಗುಳ್ಳೆಯೊಂದು ಇದ್ದು ಒಡೆದರೆ ಬೆಳಕು ತಟ್ಟನೆ ನೆಗೆಯುವುದು. ಆಗ ರೇಖೆಯು ಗುಡ್ಡದಂತಿರದೆ ಗೋಡೆಯಂತೆ ನೆಟ್ಟಗಿರುವುದು, ಇಲ್ಲವೆ ಒಂದೇ ಸುತ್ತಿನಲ್ಲಿ ಮುಳ್ಳಿನಂತೆ ಎದ್ದು ಇಳಿಯುವುದು. ಮುಚ್ಚಳ ಸಡಿಲಾಗಿ ದ್ರಾವಣವು ಆವಿಯಾಗುತ್ತಿದ್ದರೂ ಬಯಲಿನ ಮಟ್ಟವನ್ನು ಯಂತ್ರವು ತಪ್ಪಾಗಿ ಎಣಿಸಿದ್ದರೂ ರೇಖೆಯು ಮೊದಲ ಸುತ್ತಿನಿಂದಲೇ ಓರೆಯಾಗಿ ತೆವಳುತ್ತ ಬಂದು ಹೊಸ್ತಿಲನ್ನು ಮುಟ್ಟೀತು. ಯಂತ್ರವು ಇವಕ್ಕೂ ಒಂದು ಸಂಖ್ಯೆಯನ್ನು ಬರೆದಿಡುವುದು. ರೇಖೆಯನ್ನು ನೋಡದೆ ಸಂಖ್ಯೆಯನ್ನು ಮಾತ್ರ ನಕಲು ಮಾಡಿಕೊಂಡವನು ಮೋಸಹೋಗುವನು. ಆದುದರಿಂದ ಮೊದಲು ಆಕಾರ, ಆ ಮೇಲೆ ಸಾಕ್ಷಿ, ಕೊನೆಗೆ ಸಂಖ್ಯೆ. ಓದುವ ಕ್ರಮ ಇದು.

ತಡವಾಗಿ ಏರುವ ರೇಖೆ

ಇನ್ನು, ನಿನ್ನೆ ಪಾಸಿಟಿವ್ ಇಂದು ನೆಗೆಟಿವ್ ಎಂಬ ದೂರನ್ನು ವಿಚಾರಿಸೋಣ. ಒಂದು ಮುಡಿ ಅಕ್ಕಿಯಲ್ಲಿ ಎಲ್ಲಿಯೋ ಮೂರು ಕಲ್ಲುಗಳಿವೆಯೆಂದು ಭಾವಿಸಿರಿ. ಒಂದು ಹಿಡಿ ತೆಗೆದರೆ ಕಲ್ಲು ಸಿಕ್ಕಲೂಬಹುದು, ಸಿಕ್ಕದಿರಲೂಬಹುದು. ಸಿಕ್ಕದಿದ್ದ ಮಾತ್ರಕ್ಕೆ ಮುಡಿಯಲ್ಲಿ ಕಲ್ಲಿಲ್ಲವೆಂದಾಗಲಿಲ್ಲ. ಸಿಕ್ಕಿದ ಹಿಡಿ ಸುಳ್ಳೆಂದೂ ಆಗಲಿಲ್ಲ. ಪರೀಕ್ಷೆಗೆ ಬಳಸುವುದು ಮಾದರಿಯ ಕೆಲವೇ ಹನಿಗಳನ್ನು. ಪ್ರನಾಳವೊಂದಕ್ಕೆ ಸರಾಸರಿ ಒಂದೇ ತುಣುಕು ಬರುವಷ್ಟು ವಿರಳವಾಗಿದ್ದರೆ, ಸಂಭವನೀಯತೆಯ ಗಣಿತದಂತೆ ನೂರು ಪ್ರನಾಳಗಳಲ್ಲಿ ಸುಮಾರು ೩೭ರಲ್ಲಿ ಒಂದು ತುಣುಕೂ ಇರದು. ೩೫ರ ಆಚೀಚೆ ಏರುವ ರೇಖೆಗಳು ಇಂತಹ ವಿರಳ ಮಾದರಿಗಳವು. ಅವು ಎರಡನೆಯ ಬಾರಿ ಏರದಿರುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಸೋಂಕು ತಗಲಿದ ಆರಂಭದಲ್ಲಿ ವೈರಸ್ಸು ಕಡಮೆ. ಕೆಲವು ದಿನಗಳಲ್ಲಿ ಅದು ಹೆಚ್ಚುವುದು. ಗುಣವಾಗುತ್ತ ಬಂದಂತೆ ಮತ್ತೆ ಕಡಮೆಯಾಗುವುದು. ಸತ್ತ ವೈರಸ್ಸಿನ ಚೂರುಗಳು ಹಲವರಲ್ಲಿ ವಾರಗಟ್ಟಲೆ ಉಳಿಯುವುದೂ ಉಂಟು. ಆದುದರಿಂದ ಸಿ.ಟಿ. ೩೪ ಎಂಬುದು ರೋಗದ ಮೊದಲ ದಿನವಾಗಿರಬಹುದು, ಕೊನೆಯ ದಿನವೂ ಆಗಿರಬಹುದು. ಒಂದೇ ರೇಖೆಯಿಂದ ಅದನ್ನು ಹೇಳಲಾಗದು. ಜ್ವರವು ಎಂದು ಬಂದಿತು, ಯಾರೊಡನೆ ಒಡನಾಟವಿತ್ತು ಎಂಬುದನ್ನು ವೈದ್ಯರು ವಿಚಾರಿಸುವುದು ಅದಕ್ಕಾಗಿಯೇ.

ಇದು ಅಂಕವಲ್ಲ

೨೦೨೧ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಕೋವಿಡ್ ಪರೀಕ್ಷೆಗೆ ಸಿ.ಟಿ. ೩೫ನ್ನು ಗಡಿಯಾಗಿ ಹೇಳಿತು: ೩೫ ಅಥವಾ ಅದಕ್ಕಿಂತ ಕಡಮೆಯಾದರೆ ಪಾಸಿಟಿವ್. ಈ ಗಡಿಯನ್ನು ೨೪ಕ್ಕೆ ಇಳಿಸಬಹುದೇ ಎಂಬ ಪ್ರಶ್ನೆ ಬಂದಾಗ, ಹಾಗೆ ಮಾಡಿದರೆ ಸೋಂಕು ಹರಡಬಲ್ಲ ಅನೇಕರು ಕೈತಪ್ಪಿಹೋಗುವರೆಂದು ಪರಿಷತ್ತು ಒಪ್ಪಲಿಲ್ಲ. ಸಿ.ಟಿ. ಸಂಖ್ಯೆಯಿಂದ ರೋಗದ ತೀವ್ರತೆಯನ್ನು ಅಳೆಯಬಾರದೆಂದು ೨೦೨೦ರಲ್ಲಿಯೇ ಅದು ತಿಳಿಸಿತ್ತು. ಕಡ್ಡಿಯನ್ನು ಎಷ್ಟು ಚೆನ್ನಾಗಿ ಆಡಿಸಿದರು, ಮಾದರಿಯನ್ನು ತಂಪಿನಲ್ಲಿಟ್ಟು ತಂದರೋ ಇಲ್ಲವೋ ಎಂಬುದರಿಂದಲೂ ಆ ಸಂಖ್ಯೆ ವ್ಯತ್ಯಾಸವಾಗುವುದು.

ಹಿಂದೆ ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ೬೦೦ಕ್ಕೆ ೨೧೦ ಅಂಕ, ಅಂದರೆ ನೂರಕ್ಕೆ ೩೫, ಬಂದರೆ ತೇರ್ಗಡೆ. ಆ ೩೫ರ ಅಭ್ಯಾಸ ನಮ್ಮ ತಾಯಿತಂದೆಗಳ ತಲೆಯಲ್ಲಿ ಇನ್ನೂ ಉಳಿದಿದೆ. ಸಿ.ಟಿ. ಸಂಖ್ಯೆಯು ಅಂತಹ ಅಂಕವಲ್ಲ. ಅದು ಹೆಚ್ಚಿದರೆ ರೋಗ ಹೆಚ್ಚೆಂದು ಹೆದರುವುದೂ ಸಲ್ಲದು, ಹೆಚ್ಚಿತೆಂದು ನಿಶ್ಚಿಂತೆಯಿಂದ ಮದುವೆಮನೆಗೆ ಹೊರಡುವುದೂ ಸಲ್ಲದು.

ಕೋವಿಡಿನ ಗಲಭೆ ಕಳೆದರೂ ಈ ಪರೀಕ್ಷೆ ನಮ್ಮನ್ನು ಬಿಟ್ಟುಹೋಗಲಿಲ್ಲ. ೨೦೧೮ರಲ್ಲಿ ಕೋಳಿಕ್ಕೋಡಿನಲ್ಲಿ ನಿಪಾ ರೋಗವು ಕಾಣಿಸಿಕೊಂಡಾಗ ಅದನ್ನು ಮೊದಲು ಗುರುತಿಸಿದುದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರದವರು, ಇದೇ ವಿಧಾನದಿಂದ. ಕ್ಷಯರೋಗವನ್ನೂ ಮಲೆನಾಡಿನ ಮಂಗನ ಕಾಯಿಲೆಯನ್ನೂ ಇಂದು ಹೀಗೆಯೇ ಪತ್ತೆಹಚ್ಚುತ್ತಾರೆ. ಮುಂದೆ ಮನೆಗೆ ಇಂತಹ ವರದಿಯೊಂದು ಬಂದರೆ ಮೂರು ವಿಷಯಗಳನ್ನು ವೈದ್ಯರಲ್ಲಿ ಕೇಳಿ ತಿಳಿಯಿರಿ: ಮಾದರಿಯೊಳಗಿನ ಮಾನವ ಜೀನಿನ ರೇಖೆ ಸರಿಯಾಗಿ ಏರಿತ್ತೇ? ರೋಗಲಕ್ಷಣ ಆರಂಭವಾಗಿ ಎಷ್ಟನೆಯ ದಿನ ಮಾದರಿ ತೆಗೆದುದು? ಫಲಿತಾಂಶವು ಗಡಿಯ ಸಮೀಪದಲ್ಲಿದ್ದರೆ ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯವೇ?

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ

ಗ್ರಾಫ್ ಪುಸ್ತಕದಲ್ಲಿ ಎರಡು ರೇಖೆಗಳನ್ನು ಎಳೆಯಿರಿ. ಒಂದು, ೧ರಿಂದ ಆರಂಭವಾಗಿ ಸುತ್ತು ಸುತ್ತಿಗೂ ಇಮ್ಮಡಿಸುವುದು. ಇನ್ನೊಂದು, ೮ರಿಂದ ಆರಂಭವಾಗುವುದು. ೧,೦೨೪ರ ಎತ್ತರದಲ್ಲಿ ಹೊಸ್ತಿಲನ್ನು ಹಾಕಿರಿ. ಮೊದಲನೆಯದು ೧೦ನೆಯ ಸುತ್ತಿನಲ್ಲಿಯೂ ಎರಡನೆಯದು ೭ನೆಯ ಸುತ್ತಿನಲ್ಲಿಯೂ ಅದನ್ನು ಮುಟ್ಟುವುವು. ಬಳಿಕ ಉದ್ದಗೆರೆಯಲ್ಲಿ ೧, ೨, ೪, ೮, ೧೬ ಎಂಬ ಸಂಖ್ಯೆಗಳನ್ನು ಸಮಾನ ಅಂತರದಲ್ಲಿ ಬರೆದು ಅವೇ ರೇಖೆಗಳನ್ನು ಮತ್ತೊಮ್ಮೆ ಎಳೆಯಿರಿ. ಬಾಗಿದ್ದ ರೇಖೆಗಳೆರಡೂ ನೇರವಾಗಿ, ಒಂದಕ್ಕೊಂದು ಸಮಾಂತರವಾಗುವುವು. ಅವುಗಳ ನಡುವಣ ಅಂತರವು ಎಲ್ಲೆಲ್ಲಿಯೂ ಮೂರೇ ಸುತ್ತು. ಎಂಟು ಪಾಲಿನ ವ್ಯತ್ಯಾಸವು ಆ ಮೂರು ಸುತ್ತುಗಳಲ್ಲಿ ಅಡಗಿರುವುದನ್ನು ತನ್ನ ಕೈಯಿಂದಲೇ ಎಳೆದು ಕಂಡ ವಿದ್ಯಾರ್ಥಿಯು, ವರದಿಯಲ್ಲಿಯ ಸಂಖ್ಯೆಯನ್ನು ಮನೆಯವರಿಗೆ ಹೆದರಿಕೆಯಿಲ್ಲದೆ ವಿವರಿಸಬಲ್ಲನು.